ಒಂದೇ ಬಡಾವಣೆಯಲ್ಲಿ ಹೋಟೆಲ್‌ಗಳು ಯಾಕೆ ಇಷ್ಟು ಬೇಗ ಬದಲಾಗುತ್ತವೆ?

ಊಟ ಚೆನ್ನಾಗಿದ್ದೂ ಮುಚ್ಚುವ ಹೋಟೆಲ್‌ಗಳು ಬೇಕಾದಷ್ಟಿವೆ. ನನ್ನ ಪ್ರಕಾರ ದೊಡ್ಡ ಕಾರಣ ಬಾಡಿಗೆ. ಒಂದು ರಸ್ತೆಯಲ್ಲಿ ನಾಲ್ಕು ಒಳ್ಳೆಯ ಹೋಟೆಲ್ ಬಂದರೆ ಜನ ಹುಡುಕಿಕೊಂಡು ಬರುತ್ತಾರೆ. ಜನ ಬಂದರೆ ಜಾಗಕ್ಕೆ ಬೇಡಿಕೆ ಜಾಸ್ತಿ. ಕರಾರು ಮುಗಿದಾಗ ಕಟ್ಟಡದ ಮಾಲೀಕರು ಬಾಡಿಗೆ ಏರಿಸುತ್ತಾರೆ. ರಸ್ತೆಗೆ ಹೆಸರು ತಂದುಕೊಟ್ಟವರೇ ಮೊದಲು ಜಾಗ ಖಾಲಿ ಮಾಡಬೇಕಾಗುತ್ತದೆ. ಇದು ನಿಜಕ್ಕೂ ಬೇಸರದ ವಿಷಯ.

ಹೊಸ ಹೋಟೆಲ್‌ಗಳಲ್ಲಿ 90% ಒಂದೇ ವರ್ಷದಲ್ಲಿ ಮುಚ್ಚುತ್ತವೆ ಅನ್ನೋ ಮಾತನ್ನು ಮಾತ್ರ ನಂಬಬೇಡಿ. ಅಮೆರಿಕದ ಕೊಲಂಬಸ್ ನಗರದ ಬಗ್ಗೆ 2005ರಲ್ಲಿ ಬಂದ ಅಧ್ಯಯನದ ಪ್ರಕಾರ ಮೊದಲ ವರ್ಷ ಮುಚ್ಚಿದ್ದು ಸುಮಾರು 26%, ಮೂರು ವರ್ಷದೊಳಗೆ ಸುಮಾರು 60%.

ಎರಡನೆಯ ಕಾರಣ ಡೆಲಿವರಿ ಆ್ಯಪ್‌ಗಳು. ಒಳಗೆ ಕುರ್ಚಿಗಳು ಖಾಲಿ, ಬಾಗಿಲ ಬಳಿ ಹೆಲ್ಮೆಟ್ ಹಾಕಿಕೊಂಡು ಫೋನ್ ನೋಡುತ್ತಾ ನಿಂತವರ ಗುಂಪು. ಇದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಆ್ಯಪ್‌ಗಳ ಕಮಿಷನ್ ಸಾಮಾನ್ಯವಾಗಿ 15ರಿಂದ 30% ಇರುತ್ತದೆ. ಅಷ್ಟು ಕೊಟ್ಟ ಮೇಲೆ ದುಬಾರಿ ಜಾಗದಲ್ಲಿ ಮೇಜು ಹಾಕಿ ಕೂರುವುದು ಕಷ್ಟ. ಹಾಗಾಗಿ ಕೆಲವರು ಒಳರಸ್ತೆಯಲ್ಲಿ ಬರೀ ಅಡುಗೆಮನೆ ಇಟ್ಟುಕೊಳ್ಳುತ್ತಾರೆ.

ಮುಚ್ಚಿದ ಹೋಟೆಲ್ ಜಾಗಕ್ಕೆ ಮತ್ತೆ ಹೋಟೆಲೇ ಯಾಕೆ ಬರುತ್ತೆ? ಹೊಗೆ ಕೊಳವೆ, ಗ್ಯಾಸ್ ಲೈನ್, ಎಣ್ಣೆ ಜಿಡ್ಡು ತಡೆಯುವ ಚರಂಡಿ ಎಲ್ಲವೂ ಅಲ್ಲಿ ಮೊದಲೇ ಇರುತ್ತವೆ. ಬೋರ್ಡು ಬದಲಿಸಿ, ಬಣ್ಣ ಬಳಿದರೆ ಬೇಗ ಶುರು ಮಾಡಬಹುದು. ಸ್ವಂತ ಕಟ್ಟಡ ಇರುವವರಿಗೆ ಮಾತ್ರ ಈ ಬಾಡಿಗೆಯ ತಲೆಬಿಸಿ ಇಲ್ಲ.