ಪಿಚ್ ಲಿಂಕ್ ಒಂದೇ ಯಾಕೆ?
ಬೇಕಲದ ಮೇಲೆ ಹೋದ ಹೆಲಿಕಾಪ್ಟರ್ ನೋಡಿ ನೀವು ಕೇಳಿದ್ದು ಒಳ್ಳೆ ಪ್ರಶ್ನೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಎರಡು ಸೆಟ್ ಇರುವಾಗ, ತಿರುಗುವ ಒಂದೊಂದು ರೆಕ್ಕೆಯ ಕೋನ ಬದಲಿಸುವ ಪಿಚ್ ಲಿಂಕ್ ಅನ್ನುವ ಸರಳು ಮಾತ್ರ ಒಂದೇ ಯಾಕೆ ಅಂತ, ಅಲ್ವಾ? ಜೋಡಿ ಹಾಕಿದರೆ ಎರಡರ ಉದ್ದವೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು, ಹಾಗೇನಾದರೂ ಆದರೆ ಒಂದನ್ನೊಂದು ಎಳೆದಾಡಿ ಬೇಗ ಸವೆಯುತ್ತವೆ. ಒಂದು ಜಾಮ್ ಆದರೆ ಇನ್ನೊಂದೂ ಅಲುಗಾಡುವುದಿಲ್ಲ. ಹಾಗಾಗಿ ಒಂದನ್ನೇ ಗಟ್ಟಿಯಾಗಿ ಮಾಡುತ್ತಾರೆ. ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ತುದಿಯ ಬೇರಿಂಗ್ ಸಡಿಲವಾಗಿದೆಯಾ ನೋಡುತ್ತಾರೆ. ಇದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡುವುದಲ್ಲ, ಜೀವ ನಿಂತಿರುವುದೇ ಅದರ ಮೇಲೆ.

ಬದಲಿ ದಾರಿ ಜಾಸ್ತಿ ಇರುವುದು ಪೈಲಟ್‌ನಿಂದ ರೋಟರ್‌ವರೆಗಿನ (ತಿರುಗುವ ರೆಕ್ಕೆಗಳವರೆಗಿನ) ಭಾಗದಲ್ಲಿ. ಅಮೆರಿಕದ ಸೇನಾ ಹೆಲಿಕಾಪ್ಟರ್ ಬ್ಲ್ಯಾಕ್ ಹಾಕ್‌ನ ಬಾಲದ ರೋಟರ್‌ಗೆ ಎರಡು ಕೇಬಲ್ ಇವೆ. ಒಂದು ತುಂಡಾದರೆ ಸ್ಪ್ರಿಂಗ್‌ನ ಎಳೆತದಿಂದ ಉಳಿದದ್ದೇ ಎರಡೂ ಕಡೆಗೆ ಕೆಲಸ ಮಾಡುತ್ತದೆ. ನನಗೆ ತುಂಬಾ ಇಷ್ಟವಾದ ಏರ್ಪಾಡು ಅದು.