ಮಹಡಿಯ ಪಿಸಿಗೆ ವೈಫೈ ಸಾಕೇ, ಪವರ್‌ಲೈನ್ ಅಡಾಪ್ಟರ್ ಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ತುಮಕೂರಿನ ಕ್ಯಾತ್ಸಂದ್ರದಲ್ಲಿ ಎರಡಂತಸ್ತಿನ ಮನೆ, ಫೈಬರ್ ರೂಟರ್ ಕೆಳಗಿನ ಹಾಲ್‌ನಲ್ಲಿ, ಡೆಸ್ಕ್‌ಟಾಪ್ ಮಹಡಿಯ ರೂಮಿನಲ್ಲಿ. 100 ಎಂಬಿಪಿಎಸ್ ಪ್ಲಾನ್ ಇದ್ದರೂ ಮೇಲೆ 10 ದಾಟುತ್ತಿಲ್ಲ, ಆಗಾಗ ಕಟ್ಟಾಗುತ್ತದೆ. ಪವರ್‌ಲೈನ್ ಅಡಾಪ್ಟರ್ ಜೋಡಿ, ಅಂದರೆ ಮನೆಯ ಕರೆಂಟ್ ವೈರಿನಲ್ಲೇ ನೆಟ್ ಸಾಗಿಸುವ ಎರಡು ಪ್ಲಗ್ ಡಬ್ಬಿ, ತರಿಸಲೇ ಅಂತ ಕೇಳಿದ್ದೀರಿ.

ತರಿಸುವ ಮುಂಚೆ ಮೀಟರ್ ಬೋರ್ಡ್ ನೋಡಿ. ಎರಡೂ ಪ್ಲಗ್ ಒಂದೇ ಮೀಟರಿನ ಒಂದೇ ಫೇಸಿನಲ್ಲಿದ್ದರೆ ಮಾತ್ರ ಪವರ್‌ಲೈನ್ ನೆಟ್ಟಗೆ ಓಡುವುದು. ನಮ್ಮ ಕಡೆ ಮಹಡಿಯನ್ನು ಬಾಡಿಗೆಯ ಲೆಕ್ಕದಲ್ಲೇ ಕಟ್ಟಿಸುವುದು ಹೆಚ್ಚು, ಹಾಗಾಗಿ ಮೇಲಕ್ಕೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ ಇರಬಹುದು. ಇದ್ದರೆ ಈ ಆಸೆ ಬಿಡಿ. ಮೀಟರ್ ಒಂದೇ, ಆದರೆ ತ್ರೀ ಫೇಸ್ ಅಂದರೆ, ಬೆಸ್ಕಾಂ ಲೈನಿನಲ್ಲಿ ಒಂದು ಫೇಸ್ ಹೋದಾಗ ಗಮನಿಸಿ: ಹಾಲ್‌ನ ಪ್ಲಗ್ಗೂ ಮಹಡಿಯ ಪ್ಲಗ್ಗೂ ಒಟ್ಟಿಗೆ ಸತ್ತರೆ ಅವೆರಡೂ ಒಂದೇ ಫೇಸ್. ಅಷ್ಟು ಕಾಯಲಾಗದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ, ಡಿಬಿ (ಎಂಸಿಬಿ ಸ್ವಿಚ್‌ಗಳ ಪೆಟ್ಟಿಗೆ) ಮುಚ್ಚಳ ನೀವೇ ಬಿಚ್ಚಬೇಡಿ. ಬೇರೆ ಫೇಸಿಗೂ ಸಿಗ್ನಲ್ ಒಂದಿಷ್ಟು ಹಾರುತ್ತದೆ, ಆದರೆ ಅದನ್ನು ನಂಬಿ ದುಡ್ಡು ಸುರಿಯುವ ಹಾಗಿಲ್ಲ.

ಇನ್ನೊಂದು ತೊಡಕು ಯುಪಿಎಸ್. ಕರೆಂಟ್ ಹೋದರೂ ನೆಟ್ ಇರಲಿ ಅಂತ ರೂಟರನ್ನು ಯುಪಿಎಸ್ ಲೈನಿಗೆ ಹಾಕಿರುತ್ತೇವೆ, ಪಿಸಿ ಮೇನ್ ಲೈನಿನಲ್ಲಿರುತ್ತದೆ. ಆಗ ಸಿಗ್ನಲ್ ಇನ್ವರ್ಟರ್ ಪೆಟ್ಟಿಗೆಯೊಳಗಿಂದಲೇ ದಾಟಬೇಕು. ಅಲ್ಲಿ ಅದು ಸೊರಗುತ್ತದೆ. ಕರೆಂಟ್ ಹೋಗಿ ಅದರೊಳಗಿನ ಸ್ವಿಚ್ಚು (ರಿಲೇ) ಬ್ಯಾಟರಿ ಕಡೆಗೆ ತಿರುಗಿದರೆ ದಾರಿಯೇ ಇಲ್ಲ. ಎರಡೂ ಅಡಾಪ್ಟರ್ ಒಂದೇ ಲೈನಿನಲ್ಲಿರಲಿ.

ಇವೆರಡೂ ಸರಿಯಿದ್ದರೆ ತರಿಸಬಹುದು. ಅಡಾಪ್ಟರನ್ನು ನೇರ ಗೋಡೆಯ ಪಾಯಿಂಟಿಗೇ ಚುಚ್ಚಿ. ಸ್ಪೈಕ್ ಗಾರ್ಡ್ ಬೇಡ; ಅದಿರುವುದು ವೋಲ್ಟೇಜ್ ಜಿಗಿತ ತಡೆಯಲು, ಆದರೆ ಹೈ ಫ್ರೀಕ್ವೆನ್ಸಿಯನ್ನೂ ಕುಗ್ಗಿಸಬಹುದು, ಪವರ್‌ಲೈನ್ ಸಿಗ್ನಲ್ ಇರುವುದೂ ಅಲ್ಲೇ, 2 ಮೆಗಾಹರ್ಟ್ಸ್‌ನಿಂದ ಮೇಲೆ. ಮಿಕ್ಸಿ, ಅಗ್ಗದ ಮೊಬೈಲ್ ಚಾರ್ಜರ್, ಕಳಪೆ ಎಲ್‌ಇಡಿ ಬಲ್ಬು ಅದೇ ವೈರಿಗೆ ಗಲಾಟೆ ತುಂಬುತ್ತವೆ. ಬಾಕ್ಸ್ ಮೇಲಿನ 600, 1000 ಎಂಬಿಪಿಎಸ್ ನೋಡಿ ಮರುಳಾಗಬೇಡಿ. ಕೈಗೆ ಸಿಗುವುದು ಅದರಲ್ಲಿ ಸಣ್ಣ ಪಾಲು, 600ರ ಎಷ್ಟೋ ಮಾಡೆಲ್‌ಗಳ ಲ್ಯಾನ್ ಪೋರ್ಟೇ 100ರದ್ದು. ಮೊದಲು ಎರಡನ್ನೂ ಅಕ್ಕಪಕ್ಕದ ಪಾಯಿಂಟಿಗೆ ಹಾಕಿ, ಒಂದರ ಪೇರ್ ಬಟನ್ ಒತ್ತಿ, 2 ನಿಮಿಷದೊಳಗೆ ಇನ್ನೊಂದರದ್ದು ಒತ್ತಿ, ಆಮೇಲೆ ಮೇಲಕ್ಕೆ ಒಯ್ಯಿರಿ. ಪೇರ್ ಮಾಡದೆ ಬಿಟ್ಟರೆ ಫ್ಯಾಕ್ಟರಿಯ ಪಾಸ್‌ವರ್ಡೇ ಉಳಿದುಬಿಡಬಹುದು, ಅದು ಪಕ್ಕದ ಮನೆಯ ಅಡಾಪ್ಟರಿನಲ್ಲೂ ಅದೇ.

ನನ್ನನ್ನು ಕೇಳಿದರೆ ಮೊದಲು ವೈಫೈಯನ್ನೇ ಸರಿಮಾಡಿ, ಖರ್ಚು ಕಡಿಮೆ. ಪಿಸಿಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ರೂಟರ್ ಅಡ್ರೆಸ್ಸಿಗೆ, ಸಾಮಾನ್ಯವಾಗಿ 192.168.1.1, ಪಿಂಗ್ (ಉತ್ತರ ಬರುತ್ತದೆಯೇ ಅಂತ ನೋಡುವ ಕಮಾಂಡ್) ಬಿಟ್ಟು ನೋಡಿ. ಅಲ್ಲೇ 'ಟೈಮ್ಡ್ ಔಟ್' ಬರುತ್ತಿದ್ದರೆ ತಪ್ಪು ಮನೆಯೊಳಗಿನದು. ಅಲ್ಲಿ ಎಲ್ಲ ಸಲೀಸಾಗಿದ್ದು ವೆಬ್‌ಸೈಟ್ ಮಾತ್ರ ನಿಲ್ಲುತ್ತಿದ್ದರೆ ಫೈಬರಿನವರನ್ನು ಹಿಡಿಯಿರಿ, ಅಡಾಪ್ಟರ್ ತಂದರೂ ಪ್ರಯೋಜನವಿಲ್ಲ.

ವೈಫೈ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡಿನಲ್ಲಿ ಬರುತ್ತದೆ. ಚಾವಣಿ ಮೋಲ್ಡ್‌ನ ಕಬ್ಬಿಣಕ್ಕೆ 5 ಗಿಗಾಹರ್ಟ್ಸ್ ಸುಲಭವಾಗಿ ಸೋಲುತ್ತದೆ, ಮೆಟ್ಟಿಲ ಕಂಡಿಯಿಂದ ಮಾತ್ರ ಚೆನ್ನಾಗಿ ಹತ್ತುತ್ತದೆ. ಟಿವಿ ಹಿಂದೆ ಅವಿತಿರುವ ರೂಟರನ್ನು ಮೆಟ್ಟಿಲ ಬುಡಕ್ಕೆ, ಆಳೆತ್ತರಕ್ಕೆ ತನ್ನಿ. ಫೈಬರ್ ವೈರನ್ನು ಚೂಪಾಗಿ ಮಡಿಸಬೇಡಿ. ರೂಟರ್ ಸೆಟ್ಟಿಂಗಿನಲ್ಲಿ 2.4 ಮತ್ತು 5ಕ್ಕೆ ಬೇರೆ ಬೇರೆ ಹೆಸರಿಡಿ, 2.4ಕ್ಕೆ ಚಾನೆಲ್ ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6, 11ರಲ್ಲಿ ಖಾಲಿ ಇರುವುದು. ಸಿಪಿಯು ಹಿಂದೆ ಸಿಕ್ಕಿಸಿದ ಚಿಕ್ಕ ವೈಫೈ ಡಾಂಗಲ್‌ಗೆ ತಗಡಿನ ಡಬ್ಬವೇ ಅಡ್ಡ, ಜೊತೆಗೆ ಯುಎಸ್‌ಬಿ 3 ಪೋರ್ಟಿನ ಗಲಾಟೆ 2.4ರ ಮೇಲೇ ಬೀಳುತ್ತದೆ. 1 ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಟೇಬಲ್ ಮೇಲೆ ತಂದಿಟ್ಟು ನೋಡಿ.

ಅದಕ್ಕೂ ಬಗ್ಗದಿದ್ದರೆ ನಾನು ಪವರ್‌ಲೈನಿಗಿಂತ ಮುಂಚೆ ಕ್ಯಾಟ್ 6 ಲ್ಯಾನ್ ವೈರ್ ಎಳೆಸುತ್ತೇನೆ. 100 ಮೀಟರ್‌ವರೆಗೆ ಮಿತಿ, ನಿಮಗೆ 20 ಸಾಕಾದೀತು. ಹಳೇ ಕೇಬಲ್ ಟಿವಿ ಪೈಪ್ ಇದ್ದರೆ ಅದರಲ್ಲೇ ತೂರಿಸಿ, ಕರೆಂಟ್ ವೈರಿನ ಪೈಪಿನಲ್ಲಿ ಮಾತ್ರ ಬೇಡ. ಅಂಗಡಿಯಲ್ಲಿ ಪೂರ್ತಿ ತಾಮ್ರದ್ದನ್ನೇ ಕೇಳಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ. ಹೊರಗೋಡೆ ಮೇಲೆ ಹೋಗುವುದಾದರೆ ಔಟ್‌ಡೋರ್ ಜಾಕೆಟ್ ಇರುವುದು ತಗೊಂಡು, ತೂತಿಗಿಂತ ಸ್ವಲ್ಪ ಕೆಳಕ್ಕೆ ಜೋತುಬಿಟ್ಟು ಒಳಗೆ ತಿರುಗಿಸಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ವೈರ್ ಹಿಡಿದು ರೂಮಿಗೆ ಬರುವುದಿಲ್ಲ.