600ಡಿ ಬಿಟ್ಟು ಬೇರೆ ಬಾಡಿ ತಗೊಂಡರೆ ನಾಯ್ಸ್ ಕಮ್ಮಿ ಆಗುತ್ತಾ?

ನೀವು ಕೇಳಿದ್ದು ಇಷ್ಟು. ಮಡಿಕೇರಿ ಹತ್ತಿರದ ಹೋಂಸ್ಟೇಯಲ್ಲಿ ಉಳಿದು, ಕ್ಯಾನನ್ 600ಡಿ ಮತ್ತು ಅದರ ಜೊತೆ ಬಂದ 18-55 ಲೆನ್ಸ್‌ನಲ್ಲಿ ಮಿಲ್ಕಿ ವೇ ತೆಗೆದಿರಿ. ಫೋಟೋ ತುಂಬ ಕಾಳುಕಾಳು, ನಡುನಡುವೆ ಕೆಂಪು, ನೀಲಿ ಚುಕ್ಕಿ. ಇದಕ್ಕೇ ನಾಯ್ಸ್ ಅನ್ನುವುದು. ಈಗ ಸೆಕೆಂಡ್‌ಹ್ಯಾಂಡ್ ಕ್ಯಾನನ್ 6ಡಿ, ನಿಕಾನ್ ಡಿ5300, ಸೋನಿ ಎ7 ಮಾರ್ಕ್ 3, ಈ ಮೂರರಲ್ಲಿ ಯಾವುದಕ್ಕೆ ನಾಯ್ಸ್ ಕಮ್ಮಿ?

ಮೂರೂ ನಿಮ್ಮ 600ಡಿಗಿಂತ ಚೆನ್ನಾಗಿವೆ. ಆದರೆ ನಾನಾಗಿದ್ದರೆ ಮೊದಲು ಬದಲಾಯಿಸುವುದು ಲೆನ್ಸ್, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅಲ್ಲ. ನಾನು ಸೋಮವಾರಪೇಟೆ ಕಡೆಯವನು. ಮನೆಯ ಕಾಫಿ ಒಣಗಿಸುವ ಕಣದಲ್ಲೇ ಟ್ರೈಪಾಡ್ ಇಟ್ಟು ಫೋಟೋ ತೆಗೆಯುತ್ತೇನೆ. ತೋಟದೊಳಗೆ ಮರಗಳ ನೆರಳು, ಆಕಾಶ ಪೂರ್ತಿ ಕಾಣುವ ಜಾಗ ಅದೊಂದೇ.

ಆ ಕಾಳು ಬೇರೆ, ಆ ಚುಕ್ಕಿ ಬೇರೆ. ಮೊದಲು ಕಾಳಿನ ವಿಷಯ. ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಅಳೆದು ಬರೆದಿಡುತ್ತಾರೆ. ಒಂದೇ ಅಂಗಳದಲ್ಲಿ ಎರಡು ರೇನ್ ಗೇಜ್ ಇಟ್ಟರೆ ಜಡಿಮಳೆಗೆ ಎರಡೂ ಹೆಚ್ಚುಕಮ್ಮಿ ಒಂದೇ ಲೆಕ್ಕ ಕೊಡುತ್ತವೆ. ನಾಲ್ಕು ಹನಿ ಉದುರಿ ನಿಂತರೆ ಒಂದರಲ್ಲಿ ಮೂರು ಹನಿ, ಇನ್ನೊಂದು ಒಣಗಿರುತ್ತದೆ. ನಕ್ಷತ್ರದ ಬೆಳಕೂ ಹಾಗೇ ಬಿಡಿಬಿಡಿಯಾಗಿ ಬೀಳುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ (ಬೆಳಕಿನ ಕಣ) ಬೀಳುವ ಕಡೆ ಏರಿಳಿತ 10ರಷ್ಟು, ಅಂದರೆ ನೂರಕ್ಕೆ 10. 10,000 ಬೀಳುವ ಕಡೆ ಏರಿಳಿತ 100, ಅಂದರೆ ನೂರಕ್ಕೆ 1. ಇದೇ ಶಾಟ್ ನಾಯ್ಸ್. ಇದು ಬೆಳಕಿನದೇ ಗುಣ, ಸೆನ್ಸರ್‌ನ ತಪ್ಪಲ್ಲ. ಎಷ್ಟು ದುಬಾರಿ ಕ್ಯಾಮೆರಾ ತಂದರೂ ಹೋಗಲ್ಲ. ಬೆಳಕು ಜಾಸ್ತಿ ಹಿಡಿಯುವುದೊಂದೇ ದಾರಿ.

ಈಗ ಲೆಕ್ಕ ನೋಡಿ. ನಿಮ್ಮ ಲೆನ್ಸ್ 18 ಎಂಎಂನಲ್ಲಿ ಎಫ್/3.5. ಈ ಎಫ್ ನಂಬರ್ ಕಮ್ಮಿ ಇದ್ದಷ್ಟೂ ಲೆನ್ಸ್ ಒಳಗೆ ಬೆಳಕು ಜಾಸ್ತಿ. ಅದೇ 18ರ ಆಸುಪಾಸಿನ ಎಫ್/2 ಲೆನ್ಸ್ ಹಾಕಿದರೆ ಅಷ್ಟೇ ಸಮಯದಲ್ಲಿ ಸುಮಾರು 3 ಪಟ್ಟು ಬೆಳಕು. ಎಫ್ ನಂಬರ್ ಬದಲಿಸದೆ, ಅಷ್ಟೇ ಅಗಲದ ಆಕಾಶವನ್ನು ಫುಲ್ ಫ್ರೇಮ್ (ನಿಮ್ಮದಕ್ಕಿಂತ ದೊಡ್ಡ ಸೆನ್ಸರ್ ಇರುವ) 6ಡಿಯಲ್ಲಿ ತೆಗೆದರೆ ಸುಮಾರು 2.5 ಪಟ್ಟು. ಲಾಭ ಹತ್ತಿರಹತ್ತಿರ ಒಂದೇ. ಆದರೆ ನಿಮ್ಮ 18-55 ಲೆನ್ಸ್ 6ಡಿಗೆ ಕೂರುವುದೇ ಇಲ್ಲ. ಬಾಡಿ ತಂದರೆ ಲೆನ್ಸನ್ನೂ ತರಬೇಕು. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಕಮ್ಮಿ.

ಸೆನ್ಸರ್‌ನದೇ ಅಂತ ಹೇಳಬಹುದಾದ್ದು ರೀಡ್ ನಾಯ್ಸ್. ಸೇರಿದ ಚಾರ್ಜನ್ನು ಅಳೆದು ಅಂಕಿ ಮಾಡುವಾಗ ಸೇರಿಕೊಳ್ಳುವ ಗದ್ದಲ ಅದು. ಬೆಂಗಳೂರಿನ ಟೆರೇಸ್ ಮೇಲೆ ಇದು ಗಣನೆಗೇ ಬರಲ್ಲ. ಊರಿನ ದೀಪದಿಂದ ಬೆಳಗಿದ ಆಕಾಶದ ಶಾಟ್ ನಾಯ್ಸ್ ಅದನ್ನು ಮುಚ್ಚಿಹಾಕುತ್ತದೆ. ಕಕ್ಕಬ್ಬೆ, ಭಾಗಮಂಡಲ ಕಡೆಯ ಕಪ್ಪು ಆಕಾಶದಲ್ಲಿ ಹಿನ್ನೆಲೆ ಬೆಳಕೇ ಕಮ್ಮಿ, ಹಾಗಾಗಿ ರೀಡ್ ನಾಯ್ಸ್ ಎದ್ದು ಕಾಣುತ್ತದೆ. ನಗರದಲ್ಲಿ ಫೋಟೋ ತೆಗೆಯುವವರು "ಯಾವ ಕ್ಯಾಮೆರಾ ಆದರೂ ಒಂದೇ" ಅಂದರೆ ಅವರ ಮಟ್ಟಿಗೆ ಅದು ನಿಜ. ಕೊಡಗಿಗೆ ಅಲ್ಲ.

ಇಲ್ಲೇ ಐಎಸ್ಓ, ಅಂದರೆ ಚಿತ್ರವನ್ನು ಕ್ಯಾಮೆರಾ ಎಷ್ಟು ಬೆಳಗಿಸಬೇಕು ಅನ್ನುವ ಸೆಟ್ಟಿಂಗ್ ಬಗ್ಗೆಯೂ ಒಂದು ಮಾತು. ಐಎಸ್ಓ ಏರಿಸಿದ್ದಕ್ಕೇ ನಾಯ್ಸ್ ಬಂತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2011ರ 600ಡಿಯಲ್ಲಿ ನಡೆಯುವುದು ಉಲ್ಟಾ. ಐಎಸ್ಓ 100ರಲ್ಲಿ ಅದರ ರೀಡ್ ನಾಯ್ಸ್ ತುಂಬಾ ಜಾಸ್ತಿ, 1600ಕ್ಕೆ ಬರುವಷ್ಟರಲ್ಲಿ ಚೆನ್ನಾಗಿ ಇಳಿದಿರುತ್ತದೆ. ಆದ್ದರಿಂದ ಅದರಲ್ಲಿ ಕಮ್ಮಿ ಐಎಸ್ಓ ಇಟ್ಟು ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಗಿಸಿದರೆ ನೆರಳಿನ ಕಡೆ ಪಟ್ಟಿಪಟ್ಟಿ ಏಳುತ್ತದೆ. ಡಿ5300ರಲ್ಲಿ 400ಕ್ಕೂ 1600ಕ್ಕೂ ಅಷ್ಟು ದೊಡ್ಡ ವ್ಯತ್ಯಾಸ ಇಲ್ಲ. ಎ7 ಮಾರ್ಕ್ 3ರಲ್ಲಿ ಐಎಸ್ಓ 640ಕ್ಕೆ ಸೆನ್ಸರ್ ಒಳಗೇ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಬದಲಾಗಿ ರೀಡ್ ನಾಯ್ಸ್ ಒಮ್ಮೆಲೇ ಇಳಿಯುತ್ತದೆ. ಹೀಗಿರುವಾಗ ನಾಲ್ಕನ್ನೂ ಐಎಸ್ಓ 400ರಲ್ಲಿ ಇಟ್ಟು ಹೋಲಿಸಿದರೆ ಏನು ಅರ್ಥ? ಪ್ರತಿಯೊಂದನ್ನೂ ಅದರ ಒಳ್ಳೆಯ ಐಎಸ್ಓದಲ್ಲಿ ಇಟ್ಟು, ಒಂದೇ ಎಫ್ ನಂಬರ್, ಒಂದೇ ಸಮಯ, ಒಂದೇ ಆಕಾಶ ಕೊಡಿ. ಆಮೇಲೆ ಚಿತ್ರಗಳನ್ನು ಒಂದೇ ಅಳತೆಗೆ ತಂದು ನೋಡಿ. 18 ಮೆಗಾಪಿಕ್ಸೆಲ್ಲನ್ನೂ 24 ಮೆಗಾಪಿಕ್ಸೆಲ್ಲನ್ನೂ ಪೂರ್ತಿ ಜೂಮ್ ಮಾಡಿ ಪಕ್ಕಪಕ್ಕ ಇಟ್ಟರೆ ಚಿಕ್ಕ ಪಿಕ್ಸೆಲ್‌ನದು ಸುಮ್ನೆ ಸೋಲುತ್ತದೆ.

ಅಂಕಿಯಲ್ಲೇ ನೋಡಬೇಕು ಅಂದರೆ ಅದೂ ಸಾಧ್ಯ. ಕ್ಯಾಪ್ ಹಾಕಿ, 1/4000 ಸೆಕೆಂಡ್‌ನಲ್ಲಿ ಎರಡು ರಾ ಫೈಲ್ (ಜೆಪೆಗ್ ಮಾಡುವ ಮುಂಚಿನ ಕಚ್ಚಾ ಫೈಲ್) ತೆಗೆಯಿರಿ. ಸಿರಿಲ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದರ ಸ್ಟ್ಯಾಂಡರ್ಡ್ ಡೀವಿಯೇಷನ್ನನ್ನು 1.414ರಿಂದ ಭಾಗಿಸಿದರೆ ರೀಡ್ ನಾಯ್ಸ್ ಸಿಗುತ್ತದೆ. ಆದರೆ ಆ ಅಂಕಿ ಕ್ಯಾಮೆರಾದ ಸ್ವಂತ ಯೂನಿಟ್‌ನಲ್ಲಿರುತ್ತದೆ. 14 ಬಿಟ್ ಫೈಲ್‌ನಲ್ಲಿ 16,384 ಮೆಟ್ಟಿಲು, 12 ಬಿಟ್‌ನಲ್ಲಿ 4,096. ಎಲೆಕ್ಟ್ರಾನ್ ಲೆಕ್ಕಕ್ಕೆ ತಿರುಗಿಸದೆ ಒಂದು ಕ್ಯಾಮೆರಾವನ್ನು ಇನ್ನೊಂದರ ಜೊತೆ ಹೋಲಿಸಬಾರದು. ಅಷ್ಟು ತಲೆಕೆಡಿಸಿಕೊಳ್ಳುವುದು ಬೇಡ ಅಂದರೆ ಫೋಟಾನ್ಸ್ ಟು ಫೋಟೋಸ್ ತಾಣದಲ್ಲಿ ಬಿಲ್ ಕ್ಲಾಫ್ ನೂರಾರು ಕ್ಯಾಮೆರಾಗಳ ಗ್ರಾಫ್ ಇಟ್ಟಿದ್ದಾರೆ, ಅದು ಸಾಕು.

ತೀರಾ ನುಣ್ಣಗೆ ಕಂಡ ಚಿತ್ರವನ್ನೂ ಸ್ವಲ್ಪ ಅನುಮಾನದಿಂದ ನೋಡಿ. ಸೋನಿ ಎ7ಎಸ್ 2, ಎ7ಆರ್ 2 ಬಾಡಿಗಳು ಕೆಲವು ಸೆಕೆಂಡ್ ಮೀರಿದ ಎಕ್ಸ್‌ಪೋಷರ್‌ಗಳಲ್ಲಿ ರಾ ಫೈಲನ್ನೇ ಫಿಲ್ಟರ್ ಮಾಡಿ, ಹಾಟ್ ಪಿಕ್ಸೆಲ್ (ನಿಮ್ಮ ಫೋಟೋದಲ್ಲಿದ್ದಂಥ ಬಣ್ಣದ ಚುಕ್ಕಿ) ಜೊತೆ ಸಣ್ಣ ನಕ್ಷತ್ರಗಳನ್ನೂ ನುಂಗುತ್ತವೆ ಅಂತ ದೊಡ್ಡ ಗಲಾಟೆಯೇ ಆಗಿತ್ತು. ನಾಯ್ಸ್ ಕಮ್ಮಿ, ನಿಜ. ನಕ್ಷತ್ರವೂ ಕಮ್ಮಿ!

ಇನ್ನು ನಿಮ್ಮ ಕೆಂಪು, ನೀಲಿ ಚುಕ್ಕಿ. ಅದು ಬೆಳಕಿಲ್ಲದಿದ್ದರೂ ಬರುತ್ತದೆ. ಸೆನ್ಸರ್‌ನ ಬಿಸಿಗೇ ಎಲೆಕ್ಟ್ರಾನ್‌ಗಳು ಹುಟ್ಟುತ್ತವೆ, ಸುಮಾರು 6 ಡಿಗ್ರಿ ಏರಿದರೆ ಅದು ಎರಡು ಪಟ್ಟು. ಅಂದರೆ 12 ಡಿಗ್ರಿ ತಂಪಾದ ರಾತ್ರಿಯಲ್ಲಿ ಕಾಲು ಭಾಗ ಮಾತ್ರ. ಮಂಗಳೂರಿನ ಸೆಕೆಗೂ ಮಡಿಕೇರಿಯ ಚಳಿಗೂ ಇಲ್ಲಿ ಒಳ್ಳೆಯ ವ್ಯತ್ಯಾಸ ಸಿಗುತ್ತದೆ. ಬೇಜಾರಿನ ವಿಷಯ ಏನೆಂದರೆ, ಸೆನ್ಸರ್‌ಗೆ ಹಿತವಾದ ಡಿಸೆಂಬರ್‌ನಲ್ಲಿ ಮಿಲ್ಕಿ ವೇ ನಡುಭಾಗ ಸೂರ್ಯನ ಕಡೆಗಿರುತ್ತದೆ, ಕಾಣುವುದೇ ಇಲ್ಲ. (ಆಗ ನಮ್ಮ ಕಣದ ತುಂಬ ಕಾಫಿ, ಕಾವಲಿಗೆ ರಾತ್ರಿಯಿಡೀ ಲೈಟು. ಅದು ಬೇರೆ ಕಥೆ.) ಅದು ಚೆನ್ನಾಗಿ ಕಾಣುವುದು ಮಾರ್ಚ್, ಏಪ್ರಿಲ್‌ನ ಬೆಳಗಿನ ಜಾವ. ಆಗ ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆಯಲ್ಲಿ ನೋಡುತ್ತಾ) ಫೋಕಸ್ ಮಾಡಿ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಅದೇ ಸೆನ್ಸರನ್ನು ಬಿಸಿ ಮಾಡುತ್ತದೆ. ಕೊನೆಯಲ್ಲಿ ಕ್ಯಾಪ್ ಹಾಕಿ, ಅದೇ ಐಎಸ್ಓ, ಅದೇ ಸಮಯದಲ್ಲಿ ಹತ್ತಿಪ್ಪತ್ತು ಡಾರ್ಕ್ ಫ್ರೇಮ್ ತೆಗೆದುಕೊಳ್ಳಿ. ಅದರಲ್ಲಿ ಆ ಚುಕ್ಕಿ ಮಾತ್ರ ಇರುತ್ತದೆ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಫೋಟೋದಿಂದ ಕಳೆಯಬಹುದು. ರೂಮಿಗೆ ಹೋಗಿ ತೆಗೆದರೆ ಬಿಸಿ ಬದಲಾಗಿರುತ್ತದೆ, ಅಲ್ಲೇ ತೆಗೆಯಿರಿ.

ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮಾರನೆಯ ರಾತ್ರಿ ಲೆನ್ಸ್ ಮೇಲೆ ಇಬ್ಬನಿ ಕೂರುವುದನ್ನೂ ಗಮನಿಸಿ. ಚಿತ್ರ ಮಂಕಾಗುತ್ತದೆ, ಅದನ್ನು ಎಳೆದು ಬೆಳಗಿಸಿದಾಗ ಕಾಳು ಏಳುತ್ತದೆ. ಬೈಗುಳ ಮಾತ್ರ ಸೆನ್ಸರ್‌ಗೆ.

ನಿಮ್ಮ 600ಡಿಯಲ್ಲೇ ಈ ಸಲ ಹೀಗೆ ಮಾಡಿ ನೋಡಿ: 18 ಎಂಎಂ, ಐಎಸ್ಓ 1600, 15 ಸೆಕೆಂಡ್, ಸತತವಾಗಿ 16 ಫೋಟೋ. ಸಿರಿಲ್ ಅಥವಾ ಅಂಥದೇ ಇನ್ನೊಂದು ಸಾಫ್ಟ್‌ವೇರ್ ಸೀಕ್ವೇಟರ್‌ನಲ್ಲಿ ಜೋಡಿಸಿದರೆ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಒಟ್ಟು 4 ನಿಮಿಷದ ಕೆಲಸ. ಬಾಡಿ ಬದಲಿಸಿ ಒಂದೇ ಫೋಟೋ ತೆಗೆದರೆ ಇಷ್ಟು ಲಾಭ ಸಿಗಲ್ಲ.

ಆಮೇಲೂ ಬಾಡಿ ಬೇಕು ಅನಿಸಿದರೆ, ದುಡ್ಡಿದ್ದವರಿಗೆ ಎ7 ಮಾರ್ಕ್ 3. ಕ್ಯಾನನ್‌ನ ಫುಲ್ ಫ್ರೇಮ್ ಲೆನ್ಸ್ ಈಗಾಗಲೇ ಇದ್ದರೆ 6ಡಿ. ಅದು 2012ರದ್ದಾದರೂ ಉದ್ದ ಎಕ್ಸ್‌ಪೋಷರ್‌ನಲ್ಲಿ ಹಾಟ್ ಪಿಕ್ಸೆಲ್ ಕಾಟ ಕಮ್ಮಿ. ಎರಡೂ ಅಲ್ಲದಿದ್ದರೆ ಡಿ5300, ಹಗುರ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಯಾವುದೇ ಆಗಲಿ, ಮಾರುವವರ ಹತ್ತಿರ ಕ್ಯಾಪ್ ಹಾಕಿ, ವ್ಯೂಫೈಂಡರ್ ಇದ್ದರೆ ಅದನ್ನೂ ಮುಚ್ಚಿ, ಐಎಸ್ಓ 1600ರಲ್ಲಿ 30 ಸೆಕೆಂಡಿನ ಒಂದು ರಾ ಫೈಲ್ ಕೇಳಿ. ಅದನ್ನು ಕೊಡಲು ಒಪ್ಪದವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.